ಹಲಗೆಯ ಪೆಟ್ಟು, ಹೆಜ್ಜೆಯ ಗುಟ್ಟು

(ಮಟಮಾರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಲಗೆಯ ಸದ್ದು ಕಿವಿಗೆ ಬಿದ್ದೊಡನೆ ಸುಮ್ಮನೆ ಕುಳಿತವರ ಕಾಲೂ ಅಲುಗುತ್ತದೆ. ಇದು ನಮ್ಮ ಸೀಮೆಯ ಗುಣ ಮಾತ್ರವಲ್ಲ. ಹಾಲೆಂಡಿನ ಬಂದರು ನಗರ ರಾಟರ್‌ಡ್ಯಾಮಿನಲ್ಲಿ 1990ರ ದಶಕದ ಆರಂಭದಲ್ಲಿ ‘ಗ್ಯಾಬರ್’ ಎಂಬ ಬಿರುಸಿನ ಸಂಗೀತ ಬೆಳೆಯಿತು. ಯಂತ್ರದಿಂದ ಹೊರಡುವ ಡೋಲಿನ ಪೆಟ್ಟನ್ನು ಬೇಕೆಂದೇ ಒರಟುಗೊಳಿಸಿ, ನಿಮಿಷಕ್ಕೆ 160ರಿಂದ 190 ಸಲ ಬಡಿಸುವ ಸಂಗೀತ ಅದು. ಅದರ ಕುಣಿತಕ್ಕೆ ‘ಹಾಕೆನ್’ ಎಂದು ಹೆಸರು. ಡಚ್ ಭಾಷೆಯಲ್ಲಿ ‘ಕೊಚ್ಚುವುದು’ ಎಂದರ್ಥ. ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಪೆಟ್ಟಿಗೊಂದು ಹೆಜ್ಜೆ. ತಲೆ ಬೋಳಿಸಿಕೊಂಡು ಕ್ರೀಡಾ ಉಡುಪು ತೊಟ್ಟು ಬರುತ್ತಿದ್ದವರಲ್ಲಿ ದುಡಿಯುವ ಮನೆತನಗಳ ಹುಡುಗರು ಬಹಳ. ‘ಗ್ಯಾಬರ್’ ಯಿಡ್ಡಿಷ್ ಮೂಲದ ಪದ, ಅರ್ಥ, ಗೆಳೆಯ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಮೊಹರಮ್ಮಿನ ಅಲಾಯಿ ಕುಣಿತ. ಕ್ರಿ.ಶ. 680ರ ಕರ್ಬಲಾ ಕಾಳಗದಲ್ಲಿ ಮಡಿದ ಹುಸೇನರ ನೆನಪಿನ ಈ ಆಚರಣೆಯಲ್ಲಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಹಿಂದೂ-ಮುಸ್ಲಿಮರು ಕೂಡಿಯೇ ಹೆಜ್ಜೆ ಹಾಕುತ್ತಾರೆ. ಇದೇ ಜಿಲ್ಲೆಯ ಮುದಗಲ್ಲಿನ ಮೊಹರಮ್ ನಾಡಿಗೆಲ್ಲ ಪ್ರಸಿದ್ಧ. ಅಲಾಯಿ ಕುಣಿಯ ಬೆಂಕಿಯ ಸುತ್ತ ಜನ ಕುಣಿಯುತ್ತಾರೆ. ಹಲಗೆಗೂ ಬೆಂಕಿ ಬೇಕು. ಕಾಯಿಸಿದರೆ ಚರ್ಮ ಬಿಗಿದು ಸದ್ದು ಖಣಿಲೆನ್ನುತ್ತದೆ.

ಎರಡೂ ಕಡೆ ಹೆಜ್ಜೆ ಸರಳ, ಪೆಟ್ಟು ಕಠಿಣ. ಆದ್ದರಿಂದಲೇ ಯಾರು ಬೇಕಾದರೂ ಕೂಡಿಕೊಳ್ಳಬಹುದು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಬಡಿಯುವುದು ಯಂತ್ರ. ಇಲ್ಲಿ ಮನುಷ್ಯನ ಕೈ. ಹಲಗೆಯವನು ಕುಣಿಯುವವರ ಕಾಲು ನೋಡಿ ಗತ್ತು ಏರಿಸುತ್ತಾನೆ, ದಣಿದರೆ ಇಳಿಸುತ್ತಾನೆ. ಇಂದು ಮೆರವಣಿಗೆಗಳಿಗೆ ಬಂದಿರುವ ಡಿ.ಜೆ. ಪೆಟ್ಟಿಗೆಗೆ ಸದ್ದಿದೆ, ಕಣ್ಣಿಲ್ಲ.

ಹಾಗೆಂದು ‘ಹಲಗೆ ಉಳಿಸಿ’ ಎಂದು ಕೂಗಿದರೆ ಸಾಲದು. ಆ ಕೈ ಯಾರದು ಎಂದೂ ಕೇಳಬೇಕು. ಹಲಗೆ ಬಾರಿಸುವುದನ್ನು ಊರು ದಲಿತರ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಿತ್ತು. 1970ರ ದಶಕದಿಂದ ದಲಿತ ಚಳವಳಿ ಇದನ್ನು ಪ್ರಶ್ನಿಸಿತು. ಅನೇಕರು ಸ್ವಾಭಿಮಾನಕ್ಕಾಗಿ ಹಲಗೆ ಕೆಳಗಿಟ್ಟರು. ಅದು ಕಲೆಯ ಮೇಲಿನ ಸಿಟ್ಟಲ್ಲ, ಅವಮಾನದ ಮೇಲಿನ ಸಿಟ್ಟು. ಅದೇ ಚಳವಳಿಯ ಸಭೆಗಳಲ್ಲಿ ಅದೇ ವಾದ್ಯ ಹೋರಾಟದ ದನಿಯಾಗಿಯೂ ಮೊಳಗಿತು.

ಡಿ.ಜೆ.ಗೆ ಸಾವಿರಾರು ರೂಪಾಯಿ ಮುಂಗಡ ಕೊಡುವ ನಾವು ಹಲಗೆಯವನಿಗೆ ಕೊಡುವಾಗ ಚೌಕಾಸಿ ಮಾಡುತ್ತೇವೆ. ಕುಣಿತ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಅವನಿಗೆ ಎಲ್ಲಿ ಜಾಗ? ಅವನ ಮಗ ಹಲಗೆ ಹಿಡಿಯಬೇಕೋ ಬೇಡವೋ ಎಂಬುದು ಅವನ ಇಷ್ಟಕ್ಕೆ ಬಿಟ್ಟದ್ದೇ? ಇವಕ್ಕೆ ಸರಿಯಾದ ಉತ್ತರ ಸಿಕ್ಕ ಊರಿನಲ್ಲಿ ಹಲಗೆ ತಾನಾಗಿ ಉಳಿದೀತು. ದೂರದ ರಾಟರ್‌ಡ್ಯಾಮಿನ ಹುಡುಗರು ತಮ್ಮ ಸಂಗೀತಕ್ಕೆ ಗೆಳೆಯನ ಹೆಸರನ್ನೇ ಇಟ್ಟುಕೊಂಡರು. ನಮ್ಮ ಕಾಲಿಗೆ ಹೆಜ್ಜೆ ಕೊಟ್ಟವನನ್ನು ನಾವೂ ಗೆಳೆಯನೆಂದು ಪಕ್ಕದಲ್ಲಿ ಕೂರಿಸಿಕೊಳ್ಳೋಣ.