ಬೆಟ್ಟು, ಮಜಲು, ಬೈಲು: ಎರಡು ನುಡಿಯ ಒಂದು ನೆಲ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ನೆರೆಕರೆ ಸಮ್ಮಿಲನದಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಇಗರ್ಜಿಯ ನೂರು ವರ್ಷಗಳ ಚರಿತ್ರೆಯನ್ನು ಇತರ ವಕ್ತಾರರು ನಿರೂಪಿಸಲಿದ್ದಾರೆ. ಅದು ನಿಂತಿರುವ ನೆಲದ ಕುರಿತು ನಾಲ್ಕು ಮಾತುಗಳನ್ನು ಹೇಳಲು ನಾವು ಬಯಸುತ್ತೇವೆ.

ಮಂಗಳೂರಿನ ಈ ಹೊರವಲಯ ನೇತ್ರಾವತಿ ಮತ್ತು ಫಲ್ಗುಣಿ ಎಂಬ ಎರಡು ನದಿಗಳ ನಡುವೆ ಇದೆ. ಇವೆರಡೂ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಇಲ್ಲಿನ ಜನರ ನುಡಿಯೂ ಹಾಗೆಯೇ ಎರಡು. ಅಂಗಳದೊಳಗೆ ಕೊಂಕಣಿ, ತಡಮೆ ದಾಟಿದರೆ ತುಳು. ಗೋವೆಯಿಂದ ಬಂದ ನಮ್ಮ ಪೂರ್ವಜರು ಪ್ರಾರ್ಥನೆಯನ್ನು ತಮ್ಮ ನುಡಿಯಲ್ಲಿ ಉಳಿಸಿಕೊಂಡರು. ಬೇಸಾಯವನ್ನು ನೆರೆಯವರ ನುಡಿಯಲ್ಲಿ ಕಲಿತರು. ಎರಡಕ್ಕೂ ಲಿಪಿಯನ್ನು ಕೊಟ್ಟದ್ದು ಕನ್ನಡ. ಆದಕಾರಣ ಈ ದಿನ ಎಲ್ಲರ ಸಮ್ಮುಖದಲ್ಲಿ ಕನ್ನಡದಲ್ಲೇ ಮಾತನಾಡುತ್ತಿದ್ದೇವೆ.

ತುಳುವರು ಭೂಮಿಯನ್ನು ಮೂರಾಗಿ ವಿಂಗಡಿಸಿದ್ದರು. ಎತ್ತರದ ಗದ್ದೆ ಬೆಟ್ಟು; ಅದಕ್ಕೆ ಮಳೆಯೊಂದೇ ಆಧಾರ, ಒಂದೇ ಬೆಳೆ. ನಡುವಿನದು ಮಜಲು, ಅದರಲ್ಲಿ ಎರಡು ಬೆಳೆ. ತಗ್ಗಿನದು ಬೈಲು, ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಈ ವಿಂಗಡಣೆ ಕೇವಲ ಕಂದಾಯದ ಲೆಕ್ಕಕ್ಕಾಗಿ ಹುಟ್ಟಿದ್ದಲ್ಲ, ಅದು ನೀರಿನ ಶಾಸ್ತ್ರ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಪದವಿನ ಮುರಕಲ್ಲು ಆ ನೀರನ್ನು ಹೀರಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಬಿಡುತ್ತದೆ. ಬೈಲು ಅದನ್ನು ತಡೆದು ನಿಲ್ಲಿಸಿ ಬಾವಿಗಳನ್ನು ತುಂಬಿಸುತ್ತದೆ. ಉಳಿದದ್ದನ್ನು ತೋಡು ಹೊಳೆಗೆ ಒಯ್ಯುತ್ತದೆ.

ಬೈಲು ಇದ್ದಲ್ಲಿ ಜೀವರಾಶಿಯೂ ಇರುತ್ತದೆ. ಬೆಳ್ಳಕ್ಕಿ, ಹುಂಡುಕೋಳಿ, ಕೆರೆಹಾವು, ಬದುವಿನ ಬಿಲದಲ್ಲಿ ಏಡಿ. ಆ ಏಡಿಯನ್ನು ತುಳು ಮಗು ಡೆಂಜಿ ಎಂದರೆ ಕೊಂಕಣಿ ಮಗು ಕುರ್ಲಿ ಎನ್ನುತ್ತಿತ್ತು. ಕೆಸರಿಗಿಳಿದು ಹಿಡಿಯುವಾಗ ಮಾತ್ರ ಇಬ್ಬರೂ ಒಂದೇ. ಇರುಳಿನಲ್ಲಿ ನರಿ ಕೂಗಿದರೆ ಒಬ್ಬರಿಗೆ ಅದು ಕುದ್ಕೆ, ಇನ್ನೊಬ್ಬರಿಗೆ ಕೊಲೊ. ಪಿಲಿಕುಳ ಎಂದರೆ ಹುಲಿಯ ಕೊಳ. ಅಲ್ಲಿ 1996ರಲ್ಲಿ ಸ್ಥಾಪನೆಗೊಂಡ ನಿಸರ್ಗಧಾಮದಲ್ಲಿ ಇಂದು ಹುಲಿಯನ್ನು ಬೇಲಿಯ ಆಚೆಯಿಂದ ತೋರಿಸುತ್ತಾರೆ. ಹೆಸರು ಉಳಿದು ಜೀವಿ ಮರೆಯಾಗುವುದು ಹೇಗೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಬೈಲಿಗೂ ಅದೇ ಗತಿ ಬರುತ್ತಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಸೀಮೆಯ ಜೇಡಿಮಣ್ಣು ಹಂಚಾಗಿ ದೂರದೂರಕ್ಕೆ ಹೋಯಿತು. ಅಂದು ಮಣ್ಣು ತೆಗೆದರೂ ತಗ್ಗು ತಗ್ಗಾಗಿಯೇ ಉಳಿಯಿತು. ಇಂದು ನಾವು ಗುಡ್ಡವನ್ನು ಕಡಿದು ತಗ್ಗಿಗೆ ತುಂಬುತ್ತಿದ್ದೇವೆ. 1974ರ ಭೂಸುಧಾರಣೆಯಿಂದ ಉಳುವವನಿಗೆ ಹೊಲ ದಕ್ಕಿದ್ದು ನ್ಯಾಯವೇ ಸರಿ. ಆದರೆ ಒಡೆಯರ ಮಕ್ಕಳೂ ಒಕ್ಕಲಿನ ಮಕ್ಕಳೂ ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ಮೇಲೆ ಗದ್ದೆಗಳು ನಿವೇಶನಗಳಾದವು. ಇದರ ಫಲವನ್ನು ಕಂಡಿದ್ದೇವೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ಬೀದಿಗಳು ಮುಳುಗಿದವು. ಮರುವರ್ಷದ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ, ಕೊಳಾಯಿಗೆ ಸರದಿಯ ಮೇಲೆ ನೀರು ಬಿಟ್ಟರು. ನೀರು ನಿಲ್ಲಬೇಕಾದ ಎಡೆಯನ್ನು ಮುಚ್ಚುತ್ತ ಹೋದರೆ ನೆರೆಯೂ ಬರವೂ ಬೆನ್ನುಬೆನ್ನಿಗೆ ಬಾಗಿಲಿಗೆ ಬರುತ್ತವೆ.

ಅನ್ಯರನ್ನು ದೂರುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಇಗರ್ಜಿಯ ಹಿಂದಿನ ಬೈಲುಗದ್ದೆಯ ಒಂದು ಮೂಲೆಗೆ ಮಣ್ಣು ತುಂಬಿಸಲು ಕೆಲವು ವರ್ಷಗಳ ಹಿಂದೆ ನಾವೇ ಅನುಮತಿಯಿತ್ತೆವು. ಮುಂದಿನ ಆಷಾಢದಲ್ಲಿ ತೋಡಿನ ನೀರು ಕೆಳಗಿನ ಮನೆಯೊಂದರ ಅಂಗಳಕ್ಕೆ ನುಗ್ಗಿತು. ನಾವು ಹೋಗಿ ನೋಡಿದಾಗ ಆ ಮನೆಯ ವೃದ್ಧೆ ನಮ್ಮನ್ನು ಬೈಯಲಿಲ್ಲ. “ಸ್ವಾಮೀ, ನೀರಿಗೆ ದಾರಿ ಗೊತ್ತಾಗಲಿಲ್ಲ” ಎಂದು ತುಳುವಿನಲ್ಲಿ ನುಡಿದು ಕುಡಿಯಲು ಬೆಲ್ಲ-ನೀರು ಕೊಟ್ಟರು. ಅದನ್ನು ಕುಡಿಯುವಾಗ ನಮಗಾದ ಲಜ್ಜೆಯನ್ನು ಇಂದಿಗೂ ಮರೆತಿಲ್ಲ. ಆ ತಾಯಿ ಈಗ ಇಲ್ಲ. ಅವರ ಮಕ್ಕಳು ಈ ಸಭೆಯಲ್ಲಿದ್ದಾರೆ.

ಶತಮಾನೋತ್ಸವದ ಸ್ಮರಣಾರ್ಥ ಮಿಕ್ಕ ಗದ್ದೆಯನ್ನೂ ತುಂಬಿಸಿ ವಾಹನಗಳಿಗೆ ಸ್ಥಳ ಮಾಡಬೇಕೆಂಬ ಸಲಹೆ ಈಗ ಬಂದಿದೆ. ಸಲಹೆ ಕೊಟ್ಟವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ; ಭಾನುವಾರದ ಇಕ್ಕಟ್ಟನ್ನು ನಾವೂ ಬಲ್ಲೆವು. ಆದರೆ ಸೆಪ್ಟೆಂಬರ್ 8ರ ಹಬ್ಬವನ್ನು ನೆನೆಯಿರಿ. ನಮಗದು ಮೊಂತಿ ಫೆಸ್ತ್, ತುಳುವರಿಗೆ ಕುರಲ್ ಪರ್ಬ, ಕನ್ನಡದಲ್ಲಿ ತೆನೆಹಬ್ಬ. ಮಕ್ಕಳು ಒಂಬತ್ತು ದಿನ ಕನ್ಯಾಮಾತೆಗೆ ಹೂವು ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಅದರ ಅಕ್ಕಿಯನ್ನು ಪಾಯಸಕ್ಕೆ ಸೇರಿಸಿ, ಕುಟುಂಬವೆಲ್ಲ ಒಂದಾಗಿ ಹೊಸ ಅನ್ನ ಉಣ್ಣುತ್ತೇವೆ. ಕಳೆದ ವರ್ಷ ಆ ತೆನೆಯನ್ನು ದೂರದ ಊರಿನಿಂದ ವಾಹನದಲ್ಲಿ ತರಿಸಿದೆವು. ಬೆಳೆಯದ ನೆಲದಲ್ಲಿ ನಿಂತು ಬೆಳೆಗಾಗಿ ವಂದನೆ ಹೇಳುವುದು ನಮಗೆ ಕಷ್ಟವಾಯಿತು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಆ ಗದ್ದೆ ಗದ್ದೆಯಾಗಿಯೇ ಉಳಿಯಲಿ. ತುಂಬಿಸಿದ ಮೂಲೆಯ ಮಣ್ಣನ್ನು ಈ ಬೇಸಿಗೆಯಲ್ಲೇ ತೆಗೆಸಲು ನಾವು ಸಿದ್ಧ. ಬರುವ ಏಣೆಲಿಗೆ ಅಲ್ಲಿ ನೇಜಿ ನೆಡೋಣ. ನೇಜಿ ನೆಡುವ ವಿದ್ಯೆ ನಮ್ಮವರಲ್ಲಿ ಹಲವರಿಗೆ ಮರೆತಿದೆ. ನೆರೆಕರೆಯ ಹಿರಿಯ ತಾಯಂದಿರು ಬಂದು ನಮ್ಮ ಮಕ್ಕಳಿಗೆ ಕಲಿಸಿಕೊಡಬೇಕು. ಮೊದಲ ತೆನೆಯ ಒಂದು ಪಾಲು ನಮ್ಮ ಪೀಠಕ್ಕೆ, ಒಂದು ಪಾಲು ನಿಮ್ಮ ಮನೆಗಳಿಗೆ. ವಾಹನಗಳನ್ನು ಶಾಲೆಯ ಮೈದಾನದಲ್ಲಿ ನಿಲ್ಲಿಸಿ ನೂರು ಹೆಜ್ಜೆ ನಡೆದು ಬರೋಣ. ನಮ್ಮ ಹಿರಿಯರು ಹರದಾರಿಗಟ್ಟಲೆ ನಡೆದು ಪೂಜೆಗೆ ಬಂದವರಲ್ಲವೇ?

ನೂರು ವರ್ಷ ನಮ್ಮನ್ನು ಸಲಹಿದ ದೇವರು ಈ ನೆಲವನ್ನೂ ಇದರ ಎರಡು ನುಡಿಗಳನ್ನೂ ಹರಸಲಿ.