ಕಾಲೂರಲಾಗದ ಮೂರು ತಿಂಗಳು

(ತಂಬ್ರಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಸೀದಿಗಳ ಹಿಂದಿನ ಸಾಲಿನಲ್ಲಿ ಕುರ್ಚಿಗಳು ಹೆಚ್ಚುತ್ತಿರುವುದನ್ನು ನಾವೆಲ್ಲರೂ ನೋಡುತ್ತಿದ್ದೇವೆ. ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಬಹುದೆಂಬುದು ಧರ್ಮವು ನೀಡಿರುವ ರಿಯಾಯಿತಿ. ಆದರೆ ಕುರ್ಚಿಯು ನಮಾಝಿನ ಕಷ್ಟವನ್ನಷ್ಟೇ ನೀಗಿಸುತ್ತದೆ. ಅದೇ ವ್ಯಕ್ತಿ ಮಸೀದಿಯಿಂದ ಹೊರಬಂದು ಮೂಟೆ ಹೊರಬೇಕು, ಗಾರೆ ಕಲಸಬೇಕು, ಕೆಸರು ಗದ್ದೆಯಲ್ಲಿ ನಿಲ್ಲಬೇಕು. ಅಲ್ಲಿ ಅವನಿಗೆ ಯಾರೂ ಕುರ್ಚಿ ಹಾಕುವುದಿಲ್ಲ. ಹಡಗಲಿಯಲ್ಲಿ ನಸುಕಿಗೇ ಎದ್ದು ಮಲ್ಲಿಗೆ ಬಿಡಿಸುವ ತಾಯಿಗೂ ಇಲ್ಲ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಿಂದ ಗುಳೆ ಹೋಗಿ ಕಾಫಿ ತೋಟದ ಇಳಿಜಾರಿನಲ್ಲಿ ದುಡಿಯುವವರಿಗೂ ಇಲ್ಲ.

ಹೃದಯದ ಕಾಯಿಲೆಗೆ, ಕ್ಯಾನ್ಸರಿಗೆ ಊರು ಒಟ್ಟಾಗುತ್ತದೆ. ಜುಮಾ ನಮಾಝಿನ ಬಳಿಕ ಘೋಷಣೆಯಾಗುತ್ತದೆ, ಮೊಬೈಲುಗಳಲ್ಲಿ ಫೋಟೋ ಹರಿದಾಡುತ್ತದೆ, ಹಣ ಸೇರುತ್ತದೆ. ಅದು ಒಳ್ಳೆಯದೇ. ಆದರೆ ಕಾಲಿನ ನೋವಿನಿಂದ ಯಾರೂ ಸಾಯುವುದಿಲ್ಲ. ಆದ್ದರಿಂದ ಅದಕ್ಕಾಗಿ ಯಾರೂ ಕೈ ಚಾಚುವುದಿಲ್ಲ, ಯಾರೂ ಕೊಡುವುದೂ ಇಲ್ಲ. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಹೊಟ್ಟೆಯನ್ನೋ ಮೂತ್ರಪಿಂಡವನ್ನೋ ಕೆಡಿಸಿಕೊಂಡ ಮೇಲೆ ಊರಿಗೆ ಸುದ್ದಿ ತಿಳಿಯುತ್ತದೆ. ಅಷ್ಟರಲ್ಲಿ ದುಡಿಮೆ ನಿಂತಿರುತ್ತದೆ, ಮಗನು ಶಾಲೆ ಬಿಟ್ಟಿರುತ್ತಾನೆ, ಸಾಲಗಾರ ಬಾಗಿಲಿಗೆ ಬಂದಿರುತ್ತಾನೆ.

ಹಾಗಂತ ಕಾಲು ನೋವೆಂದ ಕೂಡಲೇ ಶಸ್ತ್ರಚಿಕಿತ್ಸೆಗೆಂದು ಚಂದಾ ಎತ್ತಬೇಕೇ? ಖಂಡಿತ ಬೇಡ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವ ನೋವು ಬಹುತೇಕ ಮಂದಿಗೆ ವ್ಯಾಯಾಮ, ಮೆತ್ತನೆಯ ಪಾದರಕ್ಷೆ ಮತ್ತು ವಿಶ್ರಾಂತಿಯಿಂದಲೇ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಅಂಗಾಲು ಉರಿಯುವುದು, ಜೋಮು ಹಿಡಿಯುವುದು ಸಕ್ಕರೆ ಕಾಯಿಲೆಯ ಲಕ್ಷಣವೂ ಆಗಿರಬಹುದು. ಅಲ್ಲಿ ಮೊದಲು ಆಗಬೇಕಾದುದು ರಕ್ತಪರೀಕ್ಷೆ. ಸಕ್ಕರೆ ಕಾಯಿಲೆಯವರಲ್ಲಿ ನೋವು ಇಲ್ಲದಿರುವುದೇ ಹೆಚ್ಚು ಅಪಾಯಕಾರಿ. ನರಗಳು ಸತ್ತು ಗಾಯವಾದದ್ದೇ ತಿಳಿಯದೆ ಕಾಲು ಕಳಕೊಂಡವರು ನಮ್ಮ ನಡುವೆಯೇ ಇದ್ದಾರೆ.

ಆದರೆ ಇನ್ನು ಕೆಲವರಿದ್ದಾರೆ. ಸಾರುವೆಯಿಂದ ಬಿದ್ದು ಮುರಿದ ಹರಡು ಸೊಟ್ಟಗೆ ಕೂಡಿಕೊಂಡಿರುತ್ತದೆ, ಕೀಲಿನ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ಉಜ್ಜುತ್ತಿರುತ್ತದೆ, ಪಾದದ ಕಮಾನನ್ನು ಹಿಡಿದಿಡುವ ಸ್ನಾಯುರಜ್ಜು ಹರಿದಿರುತ್ತದೆ. ಇತರ ಚಿಕಿತ್ಸೆಗಳು ಫಲಿಸದಿದ್ದಾಗ ಇಂಥವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಮೂಳೆತಜ್ಞರು ಹೇಳಬೇಕೇ ಹೊರತು ಚಂದಾ ಪುಸ್ತಕ ಹಿಡಿದವರಲ್ಲ.

ಇನ್ನು ಹಣದ ವಿಷಯಕ್ಕೆ ಬರೋಣ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ಮೂಳೆ ಮತ್ತು ಕೀಲಿನ ಅನೇಕ ಶಸ್ತ್ರಚಿಕಿತ್ಸೆಗಳು ಇದರಲ್ಲಿ ಸೇರಿವೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವಾದರೆ ಶಿಫಾರಸು ಪತ್ರ ಪಡೆದು ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಈ ಒಂದು ಪತ್ರದ ಅರಿವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ, ಬಿಲ್ಲು ಕಂಡು ಕಂಗಾಲಾಗಿ ಊರಿನ ಮುಂದೆ ನಿಲ್ಲುವವರೆಷ್ಟೋ! ರಶೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ರೋಗಿಯ ಕೈಯಲ್ಲಿ ಕಾರ್ಡಿದೆಯೇ ಎಂದು ಕೇಳುವುದೇ ನಮ್ಮ ಜಮಾಅತ್‌ಗಳ ಮೊದಲ ಸೇವೆಯಾಗಲಿ.

ಹಾಗಾದರೆ ಊರಿನ ಹಣದ ಅಗತ್ಯವೇ ಇಲ್ಲವೇ? ಇದೆ. ಯೋಜನೆಯು ಆಸ್ಪತ್ರೆಗೆ ಹಣ ಕೊಡುತ್ತದೆ, ಅಡುಗೆಮನೆಗೆ ಕೊಡುವುದಿಲ್ಲ. ಹರಡಿನ ಕೀಲನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾದರೆ ಆರರಿಂದ ಹನ್ನೆರಡು ವಾರ ಆ ಕಾಲನ್ನು ಸರಿಯಾಗಿ ಊರುವಂತಿಲ್ಲ. ಮತ್ತೆ ಮೂಟೆ ಹೊರಲು ಇನ್ನೂ ಹೆಚ್ಚು ಕಾಲ ಬೇಕು. ದಿನಕ್ಕೆ 500 ರೂಪಾಯಿ ದುಡಿಯುವ ಒಬ್ಬ ಗೌಂಡಿಯನ್ನೇ ಊಹಿಸಿಕೊಳ್ಳಿ. ತಿಂಗಳಿಗೆ 24 ದಿನದ ಕೆಲಸವೆಂದರೂ ಮೂರು ತಿಂಗಳಿಗೆ 36 ಸಾವಿರ ರೂಪಾಯಿ ಅವನ ಕೈ ತಪ್ಪುತ್ತದೆ. ಹೊಸಪೇಟೆ ದಾಟಿ ಬಳ್ಳಾರಿಗೆ ಓಡಾಡುವ ಖರ್ಚು, ಜೊತೆಗಿರುವ ಹೆಂಡತಿಯ ಕೂಲಿ, ಊರುಗೋಲು, ಪಾದರಕ್ಷೆ ಬೇರೆ. ಉಚಿತ ಶಸ್ತ್ರಚಿಕಿತ್ಸೆಯನ್ನೇ ಬಡವನು ಮುಂದೂಡುತ್ತಿರುವುದೇಕೆಂದರೆ ಇದಕ್ಕೆ. ಮಾಡಿಸಿಕೊಂಡವನೂ ಮೂರನೇ ವಾರಕ್ಕೇ ಕೆಲಸಕ್ಕೆ ಹೊರಟರೆ ಎಲುಬು ಕೂಡದೆ ಎಲ್ಲವೂ ವ್ಯರ್ಥವಾಗಬಹುದು. ಬೀಡಿ ಸೇದಿದರೂ ಎಲುಬು ಕೂಡುವುದು ತಡವಾಗುತ್ತದೆ ಎಂಬುದು ನೆನಪಿರಲಿ.

ಸಂಘಟಿತ ವಲಯದಲ್ಲಿ ಇಎಸ್‌ಐ ವಿಮೆಯುಳ್ಳ ಕಾರ್ಮಿಕನು ನಿಯಮಾನುಸಾರ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ನ್ನು ಅನಾರೋಗ್ಯ ಭತ್ಯೆಯಾಗಿ ಪಡೆಯುತ್ತಾನೆ. ಹಮಾಲಿಗೆ, ಕೃಷಿ ಕೂಲಿಗೆ ಅದಿಲ್ಲ. ಕ್ಷಯರೋಗಿಗೆ ಔಷಧದೊಂದಿಗೆ ಆಹಾರವೂ ಬೇಕೆಂದು ಒಪ್ಪಿ ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿತು, 2024ರಲ್ಲಿ ಅದನ್ನು ಸಾವಿರಕ್ಕೇರಿಸಿತು. ಅದೇ ನ್ಯಾಯ ಶಸ್ತ್ರಚಿಕಿತ್ಸೆಯಾಗಿ ಮಲಗಿದ ಕೂಲಿಕಾರನಿಗೆ ಏಕಿಲ್ಲ? ವಿಜಯನಗರ ಜಿಲ್ಲೆಯಾಗಿ 2021ರಿಂದ ವರ್ಷಗಳೇ ಕಳೆದಿವೆ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ವಿಶೇಷ ಸ್ಥಾನವೂ ಇದೆ. ಮತ ಕೇಳಲು ಬರುವವರ ಮುಂದೆ ಇಡಬೇಕಾದ ಪ್ರಶ್ನೆ ಇದು.

ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2003ರಲ್ಲಿ ಈ ನಾಡಿನ ಸಹಕಾರಿ ರೈತರು ತಲಾ ತಿಂಗಳಿಗೆ 5 ರೂಪಾಯಿಯಂತೆ, ವರ್ಷಕ್ಕೆ 60 ರೂಪಾಯಿ ಕಟ್ಟಿ, ಸರಕಾರದ ನೆರವೂ ಸೇರಿ 'ಯಶಸ್ವಿನಿ'ಯನ್ನು ಆರಂಭಿಸಿದರು. 2018ರಲ್ಲಿ ನಿಂತುಹೋಗಿದ್ದ ಅದು 2022-23ರಲ್ಲಿ ಮತ್ತೆ ಜೀವ ಪಡೆಯಿತು. ಕಾಯಿಲೆ ಬಂದ ಮೇಲೆ ಒಬ್ಬನಿಗಾಗಿ ದೊಡ್ಡ ಮೊತ್ತ ಬೇಡುವುದಕ್ಕಿಂತ ಬರುವ ಮೊದಲೇ ಎಲ್ಲರೂ ಸಣ್ಣ ಮೊತ್ತ ಕೂಡಿಡುವುದು ಮೇಲೆಂಬುದೇ ಅದರ ಪಾಠ. 200 ಮನೆಗಳು ತಿಂಗಳಿಗೆ 20 ರೂಪಾಯಿ ಕೊಟ್ಟರೆ ವರ್ಷಕ್ಕೆ 48 ಸಾವಿರವಾಗುತ್ತದೆ. ಒಂದು ಸಂಸಾರದ ಮೂರು ತಿಂಗಳ ಅನ್ನಕ್ಕೆ ಅದು ಸಾಕು.

ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಡವರೂ ಇದ್ದಾರೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಅದು ಅವರ ಹಕ್ಕು. ಹಕ್ಕುದಾರನನ್ನು ಮಸೀದಿಯ ಬಾಗಿಲಲ್ಲಿ ಊರುಗೋಲಿನೊಂದಿಗೆ ನಿಲ್ಲಿಸುವುದು, ಅವನ ಫೋಟೋ ಹಂಚುವುದು ಯಾವ ನ್ಯಾಯ? ಹಣ ಅವನ ಮನೆಗೆ ಸದ್ದಿಲ್ಲದೆ ತಲುಪಲಿ. ಲೆಕ್ಕವನ್ನು ಮಾತ್ರ ಎಲ್ಲರ ಮುಂದಿಡಿ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಗೋಡೆಯ ಮೇಲಿರಲಿ, ಯಾರಿಗೆ ಹೋಯಿತು ಎಂಬುದು ಜವಾಬ್ದಾರರ ಪುಸ್ತಕದಲ್ಲಿರಲಿ.

ಝಕಾತ್‌ಗೆ ಅದರದೇ ನಿಯಮಗಳಿವೆ. ಆದರೆ ಸದಕಾ ನೆರೆಯವನ ಜಾತಿ, ಧರ್ಮ ಕೇಳುವುದಿಲ್ಲ. ಕೊಟ್ಟೂರಿನ ತೇರಿಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಅನ್ನ ನೀರು ಕೊಡುವ ಸೀಮೆಯಿದು. ಆದ್ದರಿಂದ ಈ ನಿಧಿಯ ಸದಕಾ ಭಾಗವು ಇಡೀ ಊರಿಗೆ ತೆರೆದಿರಲಿ.

ಮುಂದಿನ ಜುಮಾದೊಳಗೆ ಮೂರು ಕೆಲಸ ಆಗಲಿ. ಬಹುಕಾಲದಿಂದ ಕುಂಟುತ್ತಿರುವವರ ಪಟ್ಟಿ ಮಾಡಿ. ಯಾರ ಬಳಿ ಕಾರ್ಡಿಲ್ಲವೋ ಅವರಿಗೆ ಮಾಡಿಸಿಕೊಡಿ. ಅವರನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಲು ಓದುಬಲ್ಲ ಒಬ್ಬ ಯುವಕನನ್ನು ನೇಮಿಸಿ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಹಣ ಬೇಕಾಗುವುದು ಅನಂತರ, ಅವರು ಕಾಲೂರಲಾಗದೆ ಮಲಗಿರುವಾಗ. ಆಗ ಅವರ ಒಲೆ ಆರದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದ್ದು.