ಬರ್ಕೆ ಖಾನ್: ರಕ್ತಸಂಬಂಧವನ್ನು ಮೀರಿದ ನಿಲುವು



ಮಂಗೋಲರೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು 1258ರ ಬಗ್ದಾದ್. ಆ ವರ್ಷದ ಫೆಬ್ರವರಿಯಲ್ಲಿ ಹುಲಾಗು ಖಾನನ ಸೇನೆಯು ಆ ಮಹಾನಗರವನ್ನು ಧ್ವಂಸಗೈದು ಖಲೀಫ ಮುಸ್ತಅಸಿಮ್‌ರನ್ನು ಕೊಂದಿತು. ಆದರೆ ಆ ಕೃತ್ಯವನ್ನು ಖಂಡಿಸಿ ಖಡ್ಗವೆತ್ತಿದವನೂ ಅದೇ ಚೆಂಗೀಝ್ ಖಾನನ ಮೊಮ್ಮಗನೆಂಬುದನ್ನು ನಾವು ಮರೆಯುತ್ತೇವೆ.

ಆತನೇ ಬರ್ಕೆ. ಚೆಂಗೀಝನ ಹಿರಿಯ ಮಗ ಜೂಜಿಯ ಪುತ್ರ. ಸೋದರ ಬಾತುವಿನ ಪಶ್ಚಿಮ ದಂಡಯಾತ್ರೆಯಲ್ಲಿ ಪಳಗಿದ ಸೇನಾನಿ. ಬುಖಾರಾದ ಸೂಫಿ ವಿದ್ವಾಂಸ ಸೈಫುದ್ದೀನ್ ಬಾಖರ್ಝಿಯವರ ಪ್ರಭಾವದಿಂದ ಇಸ್ಲಾಮ್ ಸ್ವೀಕರಿಸಿದನೆಂಬುದು ಪ್ರಸಿದ್ಧ ಉಲ್ಲೇಖ. 1257ರಲ್ಲಿ ಆತ ವೋಲ್ಗಾ ತೀರದ ಗೋಲ್ಡನ್ ಹೋರ್ಡ್ ಸಾಮ್ರಾಜ್ಯದ ಅಧಿಪತಿಯಾದ.

ಬಂಧುಗಳೊಡನೆ ಸಮಾಲೋಚಿಸದೆ ಹುಲಾಗು ಮುಸ್ಲಿಮರ ನಗರಗಳನ್ನು ನಾಶಗೊಳಿಸಿದನೆಂಬುದು ಬರ್ಕೆಯ ಆಕ್ಷೇಪವಾಗಿತ್ತು. ಆತ ಈಜಿಪ್ಟಿನ ಸುಲ್ತಾನ ಬೈಬರ್ಸ್‌ನೊಂದಿಗೆ ಮೈತ್ರಿ ಬೆಳೆಸಿದ. ಈ ಬೈಬರ್ಸ್ ಯಾರು? ಮಂಗೋಲರ ದಾಳಿಯಿಂದ ಛಿದ್ರಗೊಂಡ ಕಿಪ್ಚಾಕ್ ನಾಡಿನಿಂದ ಬಾಲ್ಯದಲ್ಲೇ ಗುಲಾಮನಾಗಿ ಮಾರಲ್ಪಟ್ಟವನು. ತನ್ನ ನಾಡನ್ನು ಸುಟ್ಟವರ ಮನೆತನದವನೊಂದಿಗೇ ಆತ ಕೈಜೋಡಿಸಿದ!

1263ರ ಜನವರಿಯಲ್ಲಿ ಕಾಕಸಸ್‌ನ ತೆರೆಕ್ ನದಿಯ ಬಳಿ ಹುಲಾಗುವಿನ ಸೇನೆ ಸೋತು ಹಿಮ್ಮೆಟ್ಟಿತು. ಹೆಪ್ಪುಗಟ್ಟಿದ್ದ ನದಿಯ ಮಂಜು ಕುದುರೆಗಳ ಭಾರಕ್ಕೆ ಒಡೆದು ಅಸಂಖ್ಯ ಸೈನಿಕರು ಮುಳುಗಿದರು. 1266ರಲ್ಲಿ, ಹುಲಾಗುವಿನ ಮಗ ಅಬಾಕಾನ ವಿರುದ್ಧದ ದಂಡಯಾತ್ರೆಯ ಮಧ್ಯೆ ಬರ್ಕೆ ನಿಧನನಾದ.

ಹಾಗೆಂದು ಆತನನ್ನು ನಾವು ಸಂತನನ್ನಾಗಿಸಬೇಕಾಗಿಲ್ಲ. ಬಗ್ದಾದನ್ನು ಮುತ್ತಿದ ಸೇನೆಯಲ್ಲಿ ಜೂಜಿ ಮನೆತನದ ತುಕಡಿಗಳೂ ಇದ್ದವು. ಅಝರ್‌ಬೈಜಾನಿನ ಹುಲ್ಲುಗಾವಲುಗಳ ಮೇಲಿನ ಹಕ್ಕೂ ಈ ಯುದ್ಧದ ಕಾರಣಗಳಲ್ಲೊಂದು. ಆತನ ಆಳ್ವಿಕೆಯಲ್ಲೇ, 1259-60ರಲ್ಲಿ, ಮಂಗೋಲ್ ಸೇನೆಯು ಪೋಲೆಂಡಿನ ನಗರಗಳನ್ನು ಲೂಟಿಗೈಯಿತು. ಬಗ್ದಾದಿಗಾಗಿ ಮರುಗುವ ನಾವು ಆ ನಗರಗಳ ನಿರಪರಾಧಿಗಳಿಗಾಗಿಯೂ ಮರುಗಬೇಡವೇ? ನಮ್ಮವನೆಂಬ ಕಾರಣಕ್ಕೆ ಅನ್ಯಾಯವನ್ನು ಮರೆಮಾಚುವುದು ಇತಿಹಾಸವಲ್ಲ, ಅದು ಪಕ್ಷಪಾತ.

ಆದರೆ ಇನ್ನೊಂದು ಪಾಠವೂ ಇಲ್ಲಿದೆ. ಮನುಷ್ಯನನ್ನು ಆತನ ವಂಶದಿಂದ ಅಳೆಯಲಾಗದು. ಹುಲಾಗುವಿನ ಮರಿಮೊಮ್ಮಗ ಘಾಝಾನ್ 1295ರಲ್ಲಿ ಇಸ್ಲಾಮ್ ಸ್ವೀಕರಿಸಿದ. ಬಗ್ದಾದನ್ನು ಕೆಡವಿದವನ ಸಿಂಹಾಸನದಲ್ಲಿ ನಾಲ್ಕು ದಶಕಗಳೊಳಗೆ ಮುಸ್ಲಿಮ್ ದೊರೆಯೊಬ್ಬ ಕುಳಿತಿದ್ದ.

ಒಂದು ಜನಾಂಗವನ್ನೇ ಶತ್ರುವೆಂದು ಬರೆದಿಡುವ ಮುನ್ನ ಬರ್ಕೆಯನ್ನು ನೆನೆಯೋಣ. ನಮ್ಮ ಮೇಲೆ ಇತರರು ಹೊರಿಸಬಾರದೆಂದು ನಾವು ಬಯಸುವ ಪೂರ್ವಜರ ಪಾಪದ ಹೊರೆಯನ್ನು ನಾವೂ ಇತರರ ಮಕ್ಕಳ ಮೇಲೆ ಹೊರಿಸದಿರೋಣ.